ತಪ್ಪು ಹುಡುಕಿದವರು ಒಳಗೆ ಬನ್ನಿ

"ಇವತ್ತು ಸಂಜೆ ನೀನೇ ಮಹಾರಾಣಿ! ಒಲೆಯ ಮುಖ ನೋಡಕೂಡದು, ಸೌಟು ಮುಟ್ಟಕೂಡದು, ನನ್ನ ಬಾಯಿಂದ ಊಟದ ಬಗ್ಗೆ ಒಂದೇ ಒಂದು ಕೊಂಕು ಮಾತು ಕೇಳಕೂಡದು!" ಎಂದು ಇನ್ಸ್‌ಪೆಕ್ಟರ್ ಸಾಹೇಬರು ನಡುಮನೆಯಲ್ಲಿ ನಿಂತು ಘೋಷಿಸಿದರು.

"ಮೊದಲಿನ ಎರಡು ನಂಬ್ತೀನಿ. ಮೂರನೇದು ಕಷ್ಟ ಕಣ್ರೀ," ಎಂದಳು ಹೆಂಡತಿ.

ಸಾಹೇಬರು ಎಂದರೆ ಪೊಲೀಸರಲ್ಲ, ಲಿಫ್ಟ್ ಇನ್ಸ್‌ಪೆಕ್ಟರ್. ದಿನವಿಡೀ ಕಟ್ಟಡದಿಂದ ಕಟ್ಟಡಕ್ಕೆ ಹೋಗಿ, ಲಿಫ್ಟಿನೊಳಗೆ ಮೇಲೆ ಕೆಳಗೆ ಓಡಾಡಿ, ಹಗ್ಗ ಸವೆದಿದೆ, ಬಾಗಿಲು ಕಿರುಗುಟ್ಟುತ್ತಿದೆ, ಗುಂಡಿ ಅಂಟುತ್ತಿದೆ ಎಂದು ತಪ್ಪು ಹುಡುಕುವುದೇ ಅವರ ಹೊಟ್ಟೆಪಾಡು. ಹುಡುಕಲಿ ಪಾಪ, ಯಾರು ಬೇಡ ಅಂದರು? ಆದರೆ ಕಚೇರಿಯ ಚೀಲವನ್ನು ಬಾಗಿಲ ಬಳಿ ಇಟ್ಟ ಹಾಗೆ ಆ ಚಾಳಿಯನ್ನೂ ಅಲ್ಲೇ ಇಟ್ಟು ಒಳಗೆ ಬರಬಾರದೇ? ಊಹೂಂ! ಊಟಕ್ಕೆ ಕೂತರೆ ತಟ್ಟೆಯದೂ ತಪಾಸಣೆ. "ಉಪ್ಪು ಒಂದು ಕಾಳು ಜಾಸ್ತಿ." "ಅನ್ನ ಇನ್ನೊಂದು ಚೂರು ಬೇಯಬೇಕಿತ್ತು." "ಚೆನ್ನಾಗಿದೆ, ಆದ್ರೆ..." ಆ 'ಆದ್ರೆ' ಕಿವಿಗೆ ಬಿದ್ದೊಡನೆ ಹೆಂಡತಿ ತನ್ನ ತಟ್ಟೆ ಬಿಟ್ಟು ಅಡುಗೆಮನೆಗೆ ಎದ್ದು ಹೋಗಬೇಕು. ಸರಿಮಾಡಿಕೊಂಡು ವಾಪಸ್ ಬರುವಷ್ಟರಲ್ಲಿ ಅವಳ ಊಟ ತಣ್ಣಗಾಗಿರುತ್ತಿತ್ತು.

ಹಿಂದಿನ ದಿನವೂ ಹಾಗೇ ಆಗಿತ್ತು. ಅವಳು ಕೂಗಾಡಲಿಲ್ಲ, ಪಾತ್ರೆ ಕುಕ್ಕಲಿಲ್ಲ. "ಒಂದು ದಿನ, ಒಂದೇ ಒಂದು ದಿನ, ಕೂತ ಜಾಗದಿಂದ ಏಳದೆ ಊಟ ಮುಗಿಸ್ಬೇಕು ಅಂತ ಆಸೆ ರೀ," ಎಂದಳು ಅಷ್ಟೇ. ಅಷ್ಟಕ್ಕೇ ಸಾಹೇಬರ ಕರುಳು ಚುರುಕ್ ಎಂದಿತು. ಬೆಳಗಾಗುವಷ್ಟರಲ್ಲಿ ಶಪಥ ಸಿದ್ಧವಾಗಿತ್ತು!

ಆಗಷ್ಟೇ ಪಕ್ಕದ ಬೀದಿಯಲ್ಲಿ ಒಂದು ಇಟಾಲಿಯನ್ ಹೋಟೆಲು ತೆರೆದಿತ್ತು. ಪಾಪ್-ಅಪ್ ಅಂತೆ, ಒಂದೇ ತಿಂಗಳು ಇದ್ದು ಮಾಯವಾಗುವುದಂತೆ. ಸಂಜೆ ಸಾಹೇಬರು ಹೆಂಡತಿಯನ್ನು ಅಲ್ಲಿಗೇ ಕರೆದುಕೊಂಡು ಹೋದರು. ಅದು ಇದ್ದದ್ದು ಮುಚ್ಚಿಹೋದ ಚಪ್ಪಲಿ ಅಂಗಡಿಯಲ್ಲಿ. ಗೋಡೆಯ ತುಂಬ ಶೂ ಜೋಡಿಸುವ ಹಲಗೆಗಳು ಹಾಗೇ ಇದ್ದವು. ಬ್ರೆಡ್ಡು ಬಂದದ್ದು ಶೂ ಡಬ್ಬಿಯಲ್ಲಿ, ಮೇಲೆ 'ಗಂಡಸರದು, ಎಂಟು' ಎಂಬ ಚೀಟಿ ಸಮೇತ! ಕನ್ನಡಿಗಳೆಲ್ಲ ನೆಲದ ಮಟ್ಟಕ್ಕೆ ಇದ್ದುದರಿಂದ ಬಂದವರಿಗೆ ತಮ್ಮ ಮುಖ ಕಾಣುತ್ತಿರಲಿಲ್ಲ, ಪಾದ ಮಾತ್ರ ಕಾಣುತ್ತಿತ್ತು. ಅಡುಗೆಯ ಯಜಮಾನಿ ಮೊದಲು ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ನಿವೃತ್ತರಾಗಿ ಇಟಲಿಗೆ ಹೋಗಿ ಅಡುಗೆ ಕಲಿತು ಬಂದಿದ್ದರೂ ಕೊರಳಿನ ಸೀಟಿ ಕೊರಳಲ್ಲೇ ಇತ್ತು. ಅವರ ಬೆನ್ನ ಹಿಂದೆ ಗೋಡೆಯ ಮೇಲೆ ದಪ್ಪಕ್ಷರದ ಬರಹ: 'ರುಚಿಸಿದವರು ಇನ್ನಷ್ಟು ತಿನ್ನಿ. ತಪ್ಪು ಹುಡುಕಿದವರು ಒಳಗೆ ಬಂದು ಮಾಡಿ ತೋರಿಸಿ.'

"ಓದಿದ್ರಾ?" ಎಂದಳು ಹೆಂಡತಿ.

"ತಮಾಷೆಗೆ ಬರೆದಿರ್ತಾರೆ ಬಿಡೇ."

ಸೂಪು ಬಂತು. ಸಾಹೇಬರ ನಾಲಗೆಯ ತುದಿಗೆ 'ಕಾಳುಮೆಣಸು ಸಾಲದು' ಎಂಬ ಮಾತು ಬಂದು ನಿಂತಿತು. ನುಂಗಿದರು. ಬ್ರೆಡ್ಡಿನ ಅಂಚು ಕೊಂಚ ಸೀದಿತ್ತು. ಅದನ್ನೂ ನುಂಗಿದರು. ಮುಖ ಕೆಂಪಾಯಿತು, ಹಣೆಯಲ್ಲಿ ಬೆವರು ಒಡೆಯಿತು. ಕೆಳಗೆ ಕನ್ನಡಿಯಲ್ಲಿ ಅವರ ಬಲಗಾಲು ತಾನೇ ತಾನಾಗಿ ಕುಣಿಯುತ್ತಿತ್ತು.

"ಏನಾದ್ರೂ ಹೇಳ್ಬೇಕು ಅನ್ನಿಸ್ತಿದ್ಯಾ?"

"ಏನಿಲ್ಲ! ನೀರು ಕೊಡು!"

ಹೆಂಡತಿ ಮಾತ್ರ ಕುರ್ಚಿಗೆ ಒರಗಿಕೊಂಡು, ಒಂದೊಂದೇ ಚಮಚ ಸೂಪನ್ನು ಬಿಸಿಬಿಸಿಯಾಗಿ ಹೀರುತ್ತಿದ್ದಳು. ಆಮೇಲೆ ಪಾಸ್ತಾ ಬಂತು. ಸಾಹೇಬರು ಒಂದು ಎಳೆ ಕಚ್ಚಿದರು. ಹಲ್ಲಿಗೆ ಸಿಕ್ಕಿತು! ಅಷ್ಟು ಹೊತ್ತು ಅದುಮಿಟ್ಟಿದ್ದೆಲ್ಲ ಒಟ್ಟಿಗೆ ನುಗ್ಗಿ ಬಂತು.

"ಚೆನ್ನಾಗಿದೆ, ಆದ್ರೆ... ಒಳಗೆ ಬೆಂದಿಲ್ಲ."

ಪಿಸುಗುಟ್ಟಿದ್ದಷ್ಟೇ! ಆದರೆ ಹಿಂದಿನ ಬೆಂಚಿನ ಪಿಸುಮಾತು ಕೇಳಿ ಕೇಳಿ ಪಳಗಿದ ಕಿವಿ ಅದು. 'ಪೀಂ!' ಎಂದು ಸೀಟಿ ಮೊಳಗಿತು. ಊಟ ಮಾಡುತ್ತಿದ್ದವರೆಲ್ಲ ಬೆಚ್ಚಿ ಬೆನ್ನು ನೆಟ್ಟಗೆ ಮಾಡಿಕೊಂಡರು.

"ನೀವು! ಕನ್ನಡಕದವರು! ಎದ್ದು ಬನ್ನಿ!"

"ಅಲ್ಲ ಮೇಡಂ, ಪಾಸ್ತಾ ಹೀಗೇ ಇರ್ಬೇಕೇನೋ..."

"ಹೀಗೇ ಇರ್ಬೇಕು. ಆದ್ರೆ ನಿಮಗೆ ಇನ್ನೂ ಚೆನ್ನಾಗಿ ಗೊತ್ತಲ್ಲ, ಬನ್ನಿ. ಎಲ್ಲರಿಗೂ ಮಾಡಿ."

"ಎಲ್ಲರಿಗೂನಾ?!"

"ಬೆಂದಿಲ್ಲ ಅಂದುಬಿಟ್ರಿ. ಈಗ ಯಾರು ತಿಂತಾರೆ?"

ಹಿಂದೆ ಚಪ್ಪಲಿ ದಾಸ್ತಾನು ಇಡುತ್ತಿದ್ದ ಕೋಣೆಯೇ ಅಡುಗೆಮನೆ. ಯಜಮಾನಿ ಸಾಹೇಬರಿಗೆ ಏಪ್ರನ್ ಕಟ್ಟಿ, ತಾವು ಕೈಕಟ್ಟಿ ನಿಂತರು. ಸಾವಿರಾರು ಲಿಫ್ಟುಗಳನ್ನು ನಡುಗಿಸಿದ ಮಹಾನುಭಾವರಿಗೆ ಒಲೆ ಹತ್ತಿಸುವುದು ಗೊತ್ತಿರಲಿಲ್ಲ! ಹತ್ತಿದ ಮೇಲೆ ಉರಿ ತಗ್ಗಿಸುವುದು ಗೊತ್ತಾಗಲಿಲ್ಲ. ನೀರಿಗೆ ಉಪ್ಪು ಹಾಕಿದರು. ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದು ಮತ್ತೆ ಹಾಕಿದರು. ಯಾವುದಕ್ಕೂ ಇರಲಿ ಎಂದು ಇನ್ನೊಂದು ಹಿಡಿ ಹಾಕಿದರು. ಪಾಸ್ತಾ ಬೇಯಲಿ, ಚೆನ್ನಾಗಿ ಬೇಯಲಿ ಎಂದು ಕಾದರು. ನೊರೆ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಅದನ್ನು ಒರೆಸಲು ಹೋದಾಗ ಪಕ್ಕದ ಬಾಣಲೆಯಲ್ಲಿ ಕುದಿಯುತ್ತಿದ್ದ ಟೊಮೆಟೊ ಸಾಸು ಚಟಾರನೆ ಸಿಡಿದು ಕನ್ನಡಕವನ್ನು ಮುಚ್ಚಿತು.

ಕಣ್ಣು ಕಾಣದ ಸಾಹೇಬರು ಬಾಗಿಲಿನಿಂದ ಇಣುಕಿ ಕೂಗಿದರು: "ಲೇ, ಒಂದೇ ನಿಮಿಷ ಬಾರೇ! ಇದು ಗಂಟು ಕಟ್ಕೊಳ್ತಿದೆ!"

"ಇಲ್ಲಿ ಏನೂ ಕೇಳಿಸ್ತಿಲ್ಲ ರೀ!" ಎಂದು ಹೆಂಡತಿ ಅಲ್ಲಿಂದಲೇ ಸ್ಪಷ್ಟವಾಗಿ ಉತ್ತರಿಸಿದಳು.

ಫೋನು ಮಾಡಿದರು. ಅವಳು ಫೋನು ನೋಡಿ, ಮೇಜಿನ ಮೇಲೆ ಬೋರಲು ಹಾಕಿದಳು.

ಕೊನೆಗೆ ಬಡಿಸುವ ಗಳಿಗೆ ಬಂತು. ಪಾತ್ರೆಯಲ್ಲಿದ್ದದ್ದನ್ನು ಪಾಸ್ತಾ ಎನ್ನಲು ಧೈರ್ಯ ಬೇಕು. ಸೌಟು ಅದರಲ್ಲಿ ಯಾರ ಹಂಗೂ ಇಲ್ಲದೆ ನೆಟ್ಟಗೆ ನಿಂತಿತ್ತು. ಸಾಹೇಬರು ಕೆತ್ತಿ ಕೆತ್ತಿ ತಟ್ಟೆಗೆ ಹಾಕಿದರು. ಮರ್ಯಾದೆ ಮೂರು ಕಾಸಿಗೆ ಹೋಯಿತು ಎಂದು ಕಣ್ಣು ಮುಚ್ಚಿ ನಿಂತರು.

"ಆಹಾ!" ಎಂದಿತು ಒಂದು ದನಿ. ಮೂಲೆಯ ಮೇಜಿನ ಹಲ್ಲಿನ ಡಾಕ್ಟರದು.

"ಅದ್ಭುತ!" ಎಂದರು ಕಿಟಕಿಯ ಬಳಿಯ ಹೊಸ ಜೋಡಿ, ಒಬ್ಬರ ಕೈ ಒಬ್ಬರು ಬಿಗಿಯಾಗಿ ಹಿಡಿದುಕೊಂಡು.

ಹೆಂಡತಿ ಒಂದು ತುತ್ತು ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು. ಕಣ್ಣಲ್ಲಿ ನೀರು ಬಂತು. "ನನ್ನ ಜನ್ಮದಲ್ಲೇ ಇಂಥದ್ದು ತಿಂದಿರ್ಲಿಲ್ಲ ರೀ!" ಎಂದಳು.

ಸಾಹೇಬರ ಎದೆ ಉಬ್ಬಿತು. ಏಪ್ರನ್ನಿನ ದಾರ ಬಿಗಿಯಾಯಿತು! ಲಿಫ್ಟಿನ ಕೆಲಸಕ್ಕೆ ರಾಜೀನಾಮೆ ಕೊಟ್ಟೇಬಿಡಲೇ ಎಂಬ ಯೋಚನೆಯೂ ಹಾದುಹೋಯಿತು. ಏಪ್ರನ್ ಬಿಚ್ಚಿಟ್ಟು, ಕುರ್ಚಿಗೆ ಬಂದು ಗತ್ತಿನಿಂದ ಕೂತು ಉಪದೇಶ ಶುರುಮಾಡಿದರು: "ನೋಡು, ಅಡುಗೆ ಅಂದ್ರೆ ಏನು ಮಹಾ? ಸ್ವಲ್ಪ ಗಮನ ಇಟ್ಟು ಮಾಡ್ಬೇಕು. ನೀನು ಕೂಡ..."

"ಪಾಪ, ದುಡಿದಿದ್ದೀರಿ. ನೀವೂ ತಿನ್ನಿ," ಎಂದು ಯಜಮಾನಿ ಒಂದು ತಟ್ಟೆ ತಂದು ಮುಂದಿಟ್ಟರು.

ಸಾಹೇಬರು ದೊಡ್ಡ ತುತ್ತನ್ನೇ ಬಾಯಿಗಿಟ್ಟರು. ಹಲ್ಲು ಅಂಟಿಕೊಂಡಿತು, ನಾಲಗೆ ಉಪ್ಪಿಗೆ ಮುದುಡಿಹೋಯಿತು. ಕಷ್ಟಪಟ್ಟು ಬಾಯಿ ಬಿಡಿಸಿಕೊಂಡು ಅಬ್ಬರಿಸಿದರು: "ಥೂ! ಇದನ್ನ ಮನುಷ್ಯರು ತಿಂತಾರಾ?!"

'ಪೀಂ!'

"ಅಯ್ಯೋ, ಮತ್ತೆ ಇವ್ರೇನಾ?" ಎಂದು ಹಲ್ಲಿನ ಡಾಕ್ಟರು ನರಳಿದರು.

ಸಾಹೇಬರು ಗೋಡೆಯ ಬರಹ ನೋಡಿದರು, ಮೇಜುಗಳ ಸುತ್ತ ತಗ್ಗಿದ ತಲೆಗಳನ್ನು ನೋಡಿದರು. ಹೊಗಳಿಕೆಯ ಗುಟ್ಟು ತಡವಾಗಿಯಾದರೂ ಹೊಳೆಯಿತು. ಅಳುಮೋರೆ ಮಾಡಿಕೊಂಡು ಹೆಂಡತಿಯ ಕಡೆ ತಿರುಗಿದರು.

"ಅವ್ರೆಲ್ಲ ಹೋಗ್ಲಿ, ನೀನಾದ್ರೂ ನಿಜ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಒಳಗೆ ನಾನು ಹೋಗ್ಬೇಕಾಗ್ತಿತ್ತು," ಎಂದಳು ಅವಳು, ಇನ್ನೊಂದು ತುತ್ತನ್ನು ನೀರಿನ ಜೊತೆ ಇಳಿಸುತ್ತ. "ಮನೇಲಿ ತಪ್ಪು ಹುಡುಕೋದು ನೀವು, ಎದ್ದು ಒಳಗೆ ಹೋಗೋದು ನಾನು. ಹುಡುಕಿದವರೇ ಹೋಗ್ಬೇಕು ಅಂತ ಕಾನೂನು ಇರೋ ಜಾಗ ಇದೊಂದೇ ರೀ. ಇಲ್ಲಿ ಕಲ್ಲು ಬಡಿಸಿದ್ರೂ ನಾನು ಏಳಲ್ಲ!"

ಸಾಹೇಬರು ಬಿಚ್ಚಿಟ್ಟಿದ್ದ ಏಪ್ರನ್ನನ್ನು ತಾವೇ ಎತ್ತಿಕೊಂಡು ಕಟ್ಟಿಕೊಂಡರು.

"ನಿಧಾನವಾಗಿ ಮಾಡಿ," ಎಂದಳು ಹೆಂಡತಿ, ಕುರ್ಚಿಯನ್ನು ಇನ್ನಷ್ಟು ಮೇಜಿನ ಹತ್ತಿರ ಎಳೆದುಕೊಂಡು. "ನಾನು ಕೂತಿರ್ತೀನಿ."