ಕಂಪ್ಯೂಟರಿನೊಳಗ ಇಟ್ಟ ಬೊಟ್ಟು

ಎರಡು ಸಾವಿರದ ಹದಿನೈದರ ದೀಪಾವಳಿಗಿಂತ ಮೊದಲು ನಾನೊಂದು ಘೋರ ಪ್ರತಿಜ್ಞಾ ಮಾಡಿದ್ದೆ ನೋಡ್ರಿ. ಲಿನಕ್ಸ್ ಕಂಪ್ಯೂಟರ್ ನಡಸ್ತೇನಿ, ಆದ್ರ ಅದರಾಗಿನ ಕರಿ ಖಿಡಕಿ ಮಾತ್ರ ಜೀವ ಹೋದರೂ ತೆರಿಯಂಗಿಲ್ಲ! ಕರಿ ಖಿಡಕಿ ಅಂದ್ರ ಟರ್ಮಿನಲ್. ಅಲ್ಲಿ ಮೌಸಿನ ಆಟ ನಡಿಯಂಗಿಲ್ಲ, ಒಂದೊಂದು ಹುಕುಂ ಇಂಗ್ಲಿಷಿನಾಗ ಬರದು ಕೊಡಬೇಕು. ಭಾತಂಬ್ರಾ ಸಾಲಿ ಹೆಡ್ ಮಾಸ್ತರ ನಾನು, ಇಪ್ಪತ್ತು ವರ್ಷ ಹುಕುಂ ಕೊಟ್ಟಾವ, ಒಂದು ಡಬ್ಬಿ ಮುಂದ ಹುಕುಂ ಬರಕೋತ ಕೂಡಬೇಕೇನು?

ಹಳೇ ಕಂಪ್ಯೂಟರಿಗೆ ವೈರಸ್ ಹೊಕ್ಕಾಗ ಬೀದರದಾಗ ರಿಪೇರಿ ಅಂಗಡಿ ಇಟ್ಟ ಅಬ್ದುಲ ಅಜೀಜ ವಿಂಡೋಸ್ ತಗದು ಲಿನಕ್ಸ್ ಹಾಕಿ ಕೊಟ್ಟಿದ್ದ. ಬರೇ ಮೌಸ್ ಸಾಕು ಸರ್ ಅಂದಿದ್ದ. ಅಷ್ಟು ಕೇಳಿದ್ದೇ ತಡ, ನಾನು ಸಾಲ್ಯಾಗ ಮಾಸ್ತರಗಳಿಗೆಲ್ಲ ಉಪದೇಶ ಶುರು ಹಚ್ಚಿದ್ದೆ.

ನಮ್ಮಾಕಿ ಜಿಜಾಬಾಯಿದು ಬ್ಯಾರೇನೇ ಶಾಸ್ತ್ರ. ಮನಿಗೆ ಯಾವ ಹೊಸ ಸಾಮಾನು ಬಂದರೂ ಕುಂಕುಮದ ಬೊಟ್ಟು ಇಡಬೇಕು. ಮಿಕ್ಸರಿಗೆ ಇಟ್ಟಾಳ, ಸೈಕಲ್ಲಿಗೆ ಇಟ್ಟಾಳ, ಗ್ಯಾಸ್ ಸಿಲಿಂಡರಿಗೆ ಬಂದಾಗೊಮ್ಮೆ ಇಡತಾಳ. ಕಂಪ್ಯೂಟರ್ ರಿಪೇರಿ ಆಗಿ ಬಂದ ದಿನ ಬರಾಬರ್ ಪರದೆ ನಡುವ ಒಂದು ಇಟ್ಟಳು. ನಾನು ಒದ್ದಿ ಅರಬಿ ತಗೊಂಡು ಒರಸಿಬಿಟ್ಟೆ. ಎರಡು ದಿನ ಮನ್ಯಾಗ ಮಾತಿಲ್ಲ ಕತಿ ಇಲ್ಲ, ಬರೇ ಭಾಂಡಿ ಸಪ್ಪಳ.

ಅದೇ ಹೊತ್ತಿಗೆ ಪಟ್ಟಿ ಕೆಲಸ ಬಂತು. ಮಳಿ ಇಲ್ಲ, ಬೆಳಿ ಇಲ್ಲ. ಭಾತಂಬ್ರಾದಾಗಿಂದ ಮಂದಿ ಕಬ್ಬು ಕಡಿಲಿಕ್ಕ ಮಹಾರಾಷ್ಟ್ರದ ಕಡಿ ಹೊಂಟಿದ್ದರು. ಅವರ ನಲವತ್ತೆರಡು ಮಕ್ಕಳನ್ನ ಸಾಲಿ ಹಾಸ್ಟೆಲಿನಾಗ ಇಟ್ಟುಕೊಳ್ಳಬೇಕಂದ್ರ ಸೋಮವಾರ ಸಂಜಿ ಐದರೊಳಗ ಅವರ ಹೆಸರಿನ ಪಟ್ಟಿ ಶಿಕ್ಷಣ ಇಲಾಖೆ ಆಫೀಸಿಗೆ ಮೇಲ್ ಆಗಬೇಕು. ಆಗಲಿಲ್ಲ ಅಂದ್ರ ಮಕ್ಕಳೂ ಟ್ರ್ಯಾಕ್ಟರ್ ಹತ್ತತಾವ, ಅಲ್ಲಿಗೆ ಸಾಲಿ ಮುಗೀತು.

ಊರಾಗ ಕರೆಂಟ್ ನಿಲ್ಲಂಗಿಲ್ಲ ಅಂತ ಬೀದರದ ಮನ್ಯಾಗೇ ಕೂತು ಎರಡು ದಿನ ಟೈಪ್ ಮಾಡಿದೆ. ಕಡೀಗೆ ಹೆಸರು ಕೊಟ್ಟು ಉಳಸೋವಾಗ ತಲ್ಯಾಗ ಒಂದು ಮಹಾ ವಿಚಾರ ಹೊಳೀತು. ಫೈಲಿನ ಹೆಸರಿನ ಮುಂದ ಒಂದು ಚುಕ್ಕಿ ಹೊಡದು ಜಿಜಾಬಾಯಿಗೆ ಕರದೆ.

"ನೋಡು, ಇದು ನಿನ್ನ ಬೊಟ್ಟು. ಒಳಗೇ ಇಟ್ಟೀನಿ, ಒರಸಿದರೂ ಹೋಗಂಗಿಲ್ಲ."

ಆಕಿ ನಕ್ಕಳು. ಆ ರಾತ್ರಿ ಊಟಕ್ಕ ಕಡಬು ಸಿಕ್ಕವು.

ಸೋಮವಾರ ಅರ್ಧ ದಿನ ರಜಾ ಹಾಕಿ ಬಂದು ಮೂರೂವರಿಗೆ ಕೂತೆ. ಹಾಜರಿ ಅದ, ಬಿಸಿಯೂಟದ ಫೈಲ್ ಅದ, ನಂದೇ ಫೋಟೋ ಆರು ಅವ. ಪಟ್ಟಿ ಇಲ್ಲ! ಕಸದ ಬುಟ್ಟಿ ನೋಡಿದೆ, ಖಾಲಿ. ಇತ್ತೀಚಿಗೆ ತೆರದ ಫೈಲಿನ ಸಾಲು ನೋಡೋಣ ಅಂದ್ರ, ಸ್ವಚ್ಛ ಇರಲಿ ಅಂತ ಶ್ಯಾಣ್ಯಾತನ ಮಾಡಿ ಹಿಂದಿನ ದಿನಾನೇ ಅಳಸಿದ್ದೆ. ಮತ್ತ ಟೈಪ್ ಮಾಡಬೇಕಂದ್ರ ಅರ್ಜಿ ಎಲ್ಲಾ ಮುಂಜಾನೇನೇ ವಾಪಸ್ ಒಯ್ದು ಭಾತಂಬ್ರಾ ಸಾಲಿ ಕಪಾಟಿನಾಗ ಇಟ್ಟು ಬಂದಿದ್ದೆ. ಬಸ್ಸಿಗೆ ಹೋಗಿ ಬರೋದ್ರಾಗ ಆಫೀಸಿನ ಬಾಗಲಾ ಬೀಳತಿತ್ತು.

ನಾಕು ಗಂಟೆಕ್ಕ ಕಬ್ಬು ಕಡಿಲಿಕ್ಕ ಹೊಂಟಿದ್ದ ಧೊಂಡಿಬಾನ ಫೋನ್ ಬಂತು. ಅವನ ಮಗಳು ಶಾಲು ಆರನೇತ್ತಾದಾಗ ಓದತಾಳ, ಪಟ್ಟ್ಯಾಗ ಆಕಿದೇ ಮೊದಲನೇ ಹೆಸರು.

"ಸರ್, ಟ್ರ್ಯಾಕ್ಟರ್ ಸಾಲಿ ಮುಂದ ನಿಂತದರಿ. ಐದಕ್ಕ ಬಿಡತಾರಂತ. ಹುಡುಗಿ ಗಂಟು ಹಿಡಕೊಂಡು ಮ್ಯಾಲ ಕೂತಾಳ. ಇಳಸಲೇನ್ರಿ, ಇರಲೇನ್ರಿ?"

ಒಂದು ತಾಸು ತಡಿ ಅಂದೆ.

ಅಜೀಜಗ ಫೋನ್ ಹಚ್ಚಬಹುದಿತ್ತು. ಆದ್ರ ಹೋದ ವಾರಾನೇ ಅವನ ಅಂಗಡ್ಯಾಗ ನಿಂತು, ಈ ಕಂಪ್ಯೂಟರಿಂದು ನನಗೇನು ಹೇಳತಿಯೋ ಅಂತ ಜಂಬ ಕೊಚ್ಚಿಕೊಂಡಿದ್ದೆ. ಮರ್ಯಾದಿ ಅಡ್ಡ ಬಂತು. ಪ್ರತಿಜ್ಞಾ ಗಟಾರಕ್ಕ ಹೋಗಲಿ ಅಂತ ಕರಿ ಖಿಡಕಿ ತೆರದೆ. ಯಾವ ಹುಕುಂ ಗೊತ್ತದ ನನಗ? ಇಂಗ್ಲಿಷಿನಾಗ, ದಯವಿಟ್ಟು ನನ್ನ ಪಟ್ಟಿ ಕೊಡು, ಅಂತ ರಜಾ ಅರ್ಜಿ ಹಾಂಗ ಬರದೆ. ಇಂಥ ಹುಕುಂ ಇಲ್ಲ ಅಂತು. ಸಾರಿ ಅಂತ ಬರದೆ. ಅದೂ ಇಲ್ಲ ಅಂತು.

ಓಣ್ಯಾಗ ನೀರಿನ ಟ್ಯಾಂಕರ್ ಹಾರನ್ ಹೊಡೀತು. ನಾಕು ದಿನಕ್ಕೊಮ್ಮೆ ಬರೋ ಟ್ಯಾಂಕರ್. ಜಿಜಾಬಾಯಿ ಎತ್ತಿದ ಕೊಡ ಕೆಳಗಿಟ್ಟು ನನ್ನ ಹಿಂದ ಬಂದು ನಿಂತಳು.

"ಉಳದ ಫೈಲೆಲ್ಲಾ ಅವ. ಇದೊಂದೇ ಹೋಗ್ಯಾದ. ಅವಕ್ಕ ಮಾಡಲಾರದ್ದು ಇದಕ್ಕೇನು ಮಾಡೀರಿ?"

"ಏನಿಲ್ಲ. ಬೊಟ್ಟು ಇಟ್ಟೀನಿ."

ಆಕಿ ನನ್ನ ಕೈಯಾಗಿನ ಫೋನ್ ಕಸಗೊಂಡು ಅಜೀಜಗ ಹಚ್ಚಿ, ಬೊಟ್ಟಿನ ಕತಿ ಪೂರಾ ಹೇಳಿದಳು. ಆ ಕಡಿಂದ ನಗು ನನ್ನ ಕಿವಿ ತನಕ ಕೇಳಸ್ತು.

"ಭಾಭೀ, ಹೆಸರಿನ ಮುಂದ ಚುಕ್ಕಿ ಇಟ್ಟರ ಲಿನಕ್ಸ್ ಆ ಫೈಲಿಗೆ ಪರದಾ ಹಾಕಿ ಮರಿಗೆ ಕೂಡಸ್ತದ. ಮ್ಯಾಲ ಮೆನುದಾಗ 'ಮರೆಯಾದ ಫೈಲ್ ತೋರಿಸು' ಅಂತದ, ಒಂದು ಟಿಕ್ ಹೊಡೀರಿ. ಬರೇ ಮೌಸ್ ಸಾಕು."

ಆಕಿ ಟಿಕ್ ಹೊಡದಳು. ನಲವತ್ತೆರಡು ಮಕ್ಕಳ ಪಟ್ಟಿ ಎದುರಿಗೇ ಬಂದು ಕೂತಿತು. ನನಗ ಅಳು ಬಂದಿತ್ತು, ಖರೇ ಹೇಳತೇನಿ. ಅಜೀಜ ಹೇಳಿದ ಪ್ರಕಾರ ಆಕಿನೇ ಹೆಸರಿನ ಮುಂದಿನ ಚುಕ್ಕಿ ಅಳಸಿದಳು. ನಾಕು ಐವತ್ತೆರಡಕ್ಕ ಮೇಲ್ ಹೋಯಿತು, ಮುಟ್ಟಿತು ಅಂತ ಆಫೀಸಿನವರ ಫೋನೂ ಬಂತು.

ಧೊಂಡಿಬಾಗ ಹೇಳಿದೆ, ಇಳಸಪಾ ಅಂತ. ಅವ ಫೋನ್ ಇಡಲೇ ಇಲ್ಲ. ಟ್ರ್ಯಾಕ್ಟರಿನ ಗದ್ದಲದಾಗ ಹುಡುಗಿ ಧಪ್ಪಂತ ಜಿಗದ ಸಪ್ಪಳ ಕೇಳಿಸ್ತು.

ಟ್ಯಾಂಕರ್ ಅಷ್ಟೊತ್ತಿಗೆ ಮುಂದಿನ ಓಣಿಗೆ ಹೋಗಿತ್ತು. ಮನ್ಯಾಗ ಹನಿ ನೀರಿಲ್ಲ. ನಾನು ಎದಿ ಉಬ್ಬಿಸಿ, ಕಡೀಗೂ ಕೆಲಸ ಮೌಸಿನಾಗೇ ಆತು ನೋಡು ಅಂದೆ. ಜಿಜಾಬಾಯಿ ಒಳಗ ಹೋಗಿ ಕುಂಕುಮದ ಕರಡಿಗಿ ತಂದು, ನನ್ನ ಹಣಿಗೆ ದೊಡ್ಡದೊಂದು ಬೊಟ್ಟು ಒತ್ತಿ, ಎರಡೂ ಕೈಯಾಗ ಎರಡು ಖಾಲಿ ಕೊಡ ಕೊಟ್ಟಳು.

"ಅಲ್ಲಿ ಅಳಸಿದ್ದು ಇಲ್ಲಿ ಇಟ್ಟೀನಿ. ಈಗ ನೀವೂ ಮಾಯ ಆಗ್ರಿ. ಕೊಡ ತುಂಬಿದ ಮ್ಯಾಲೇ ಕಾಣಸ್ಕೊಳ್ರಿ."