ದಕ್ಷಿಣಕ್ಕೆ ತಿರುಗಿದ ಪಂಪು

ಎಪ್ಪತ್ತು ದಾಟಿದ ಮೇಲೆ ಕೆಲವರು ಎಲ್ಲದಕ್ಕೂ ಹೆದರುತ್ತಾರೆ, ಕೆಲವರು ಉಳಿದವರನ್ನು ಹೆದರಿಸುತ್ತಾರೆ. ನಾನು ಎರಡನೆಯ ಗುಂಪು. ಈಗಂತೂ ಮನೆಯ ಸುದ್ದಿಯನ್ನೆಲ್ಲ ಫೋನಿನಲ್ಲಿ ಒಂದೇ ಬೆರಳಿನಿಂದ ಟೈಪು ಮಾಡಲು ಕಲಿತುಬಿಟ್ಟಿದ್ದೇನೆ. ಮನೆಯವರ ಮರ್ಯಾದೆಗೆ ಇನ್ನು ಗ್ಯಾರಂಟಿ ಇಲ್ಲ.

ಪರದೇಶದ ಈ ಫೆಲ್ಥಮ್‌ನಲ್ಲಿ, ಏರ್‌ಪೋರ್ಟಿನ ಪಕ್ಕದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಗ ಸುರೇಶ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದಾನೆ. ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಎರಡು ಮೀನು. ಅವನು ಏರ್‌ಪೋರ್ಟಿನ ಕೆಲಸಕ್ಕೆ, ಸೊಸೆ ವೀಣಾ ಆಫೀಸಿಗೆ ಹೋದ ಮೇಲೆ ಈ ಮನೆಯಲ್ಲಿ ನಡುವೆ ಬಾಯಿ ಹಾಕದೆ ನನ್ನ ಮಾತು ಕೇಳುವವು ಅವೆರಡೇ. ಹೋದ ತಿಂಗಳು ಅವು ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಒಂದು ಮೂಲೆಯ ಕಲ್ಲಿನ ಮೇಲೆಲ್ಲ ಕಂದು ಲೋಳೆ. ನೀರು ಸರಿಯಾಗಿ ತಿರುಗುತ್ತಿಲ್ಲ ಎಂದು ಸುರೇಶ ತೊಟ್ಟಿಯೊಳಗಿನ ಎರಡೂ ಪಂಪುಗಳನ್ನು ವಿನೆಗರಿನಲ್ಲಿ ನೆನೆಸಿ, ನನ್ನ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಪಂಪು ಹೊಸದರಂತೆ ಗುಂಯ್‌ಗುಟ್ಟಿತು. ಲೋಳೆ ಮಾತ್ರ ಅಲ್ಲೇ.

“ರವಿವಾರದ ತನಕಾ ನೋಡ್ತೀನವ್ವಾ. ಇಲ್ಲಂದ್ರ ಮೀನು ಅಂಗಡಿಯವಂಗ ವಾಪಸ್ ಕೊಟ್ಬಿಡ್ತೀನಿ” ಎಂದ.

ನನ್ನ ಜೊತೆಗಾರರನ್ನು ವಾಪಸ್ ಕೊಡುವುದಕ್ಕೆ ಇವನಾರು? ಕುರ್ಚಿ ಎಳೆದುಕೊಂಡು ಕುಳಿತು, ನೀರಿಗೆ ಒಂದು ಚಿಟಿಕೆ ಮೀನಿನ ಆಹಾರ ಉದುರಿಸಿದೆ. ಕೋಣೆ ಬಿಸಿ ಮಾಡುವ ರೇಡಿಯೇಟರ್ ಕಡೆಯ ಮೂಲೆಗೆ ಓಡಿದ ಕಾಳು ಅಲ್ಲೇ ಗಿರಗಿರ ಸುತ್ತಿತು. ಲೋಳೆಯ ಮೂಲೆಯಲ್ಲಿ ಬಿದ್ದದ್ದು ಅಲ್ಲಾಡದೆ ತಳ ಸೇರಿತು. ನೋಡಿದರೆ ಎರಡೂ ಪಂಪು ಒಂದೇ ಕಡೆ ಮುಖ ಮಾಡಿವೆ! ಸಂಜೆ ವಿಚಾರಿಸಿದಾಗ ವೀಣಾ ಬಾಯಿಬಿಟ್ಟಳು. ವಾಸ್ತುವಿನ ಪ್ರಕಾರ ನೀರು ಈಶಾನ್ಯಕ್ಕೇ ಹರಿಯಬೇಕೆಂದು ಅವಳ ತಾಯಿ, ಅಂದರೆ ವಿಜಯಪುರದ ನಮ್ಮ ಬೀಗತಿ ಶಾಂತಾಬಾಯಿ, ವಿಡಿಯೋ ಕಾಲಿನಲ್ಲಿ ಅಪ್ಪಣೆ ಮಾಡಿದ್ದರಂತೆ. ಗಂಡಹೆಂಡತಿ ಇಬ್ಬರೂ ಫೋನಿನ ದಿಕ್ಸೂಚಿ ನೋಡಿ ಪಂಪು ತಿರುಗಿಸಿದ್ದರಂತೆ.

“ಒಂದನ್ನ ಈ ಲೋಳಿ ಕಡೆ ತಿರುವ್ತೀನಿ” ಎಂದೆ. ವೀಣಾ ಓಡಿಹೋಗಿ ತಾಯಿಗೆ ಫೋನು ಹಚ್ಚಿ ನನ್ನ ಮುಂದೆ ಹಿಡಿದಳು.

“ಬೀಗತೇರ, ಆ ಕಡೆ ದಕ್ಷಿಣ ಐತ್ರೀ! ಮನಿ ಹಿರೇರಿಗೆ ಕಂಟಕ!”

“ಈ ಮನ್ಯಾಗ ಹಿರೇರು ಯಾರ್ರೀ?”

ಬೀಗತಿ ಒಮ್ಮೆ ಕೆಮ್ಮಿದರು. “...ನೀವ ರೀ.”

“ಹಂಗಾರ ಕಂಟಕಾನೂ ನಂದ. ನಾ ನೋಡ್ಕೋತೀನಿ, ನೀವು ಚಹಾ ಕುಡೀರಿ.”

“ಅತ್ತೀ, ಬ್ಯಾಡ್ರೀ!” ಎಂದು ವೀಣಾ ಕೂಗುತ್ತಿದ್ದಂತೆ ಸ್ವಿಚ್ ಆಫ್ ಮಾಡಿ, ಬಳೆ ಮೇಲೇರಿಸಿ, ತೊಟ್ಟಿಯೊಳಗೆ ಕೈ ಇಳಿಸಿದೆ. ಒಂದು ಪಂಪಿನ ಮೂತಿಯನ್ನು ಯಮನ ದಿಕ್ಕಿಗೆ, ತುಸು ಮೇಲಕ್ಕೆ ತಿರುವಿದೆ. ಸ್ವಿಚ್ ಹಾಕಿದ ಕೂಡಲೇ ನೀರಿನ ಮೇಲೆ ಅಲೆ ಎದ್ದಿತು, ಲೋಳೆ ಎಳೆಎಳೆಯಾಗಿ ಅಲುಗಿತು. ಸುರೇಶ ಜಾಣ, ಅಷ್ಟೂ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದ.

ರವಿವಾರದ ಹೊತ್ತಿಗೆ ಮೀನುಗಳು ಕೆಳಗಿಳಿದು ಒಂದನ್ನೊಂದು ಅಟ್ಟಿಸಿಕೊಂಡು ಆಡುತ್ತಿದ್ದವು. ಅಂಗಡಿಯ ಮಾತು ಯಾರೂ ಎತ್ತಲಿಲ್ಲ. ಬೀಗತಿ ಮಾತ್ರ ದಿನಾ ಬೆಳಿಗ್ಗೆ ಫೋನು ಮಾಡಿ “ಆರಾಮ ಅದೀರಿಲ್ರೀ?” ಎಂದು ಕೇಳುತ್ತಾರೆ. ಆರಾಮ ಇದ್ದೇನೆಂದರೆ ಅವರ ದನಿ ಸ್ವಲ್ಪ ಇಳಿಯುತ್ತದೆ. ಮೊನ್ನೆ ನನಗೊಂದು ಸೀನು ಬಂದದ್ದೇ ತಡ, ವೀಣಾಳ ಕೈ ಪಂಪಿನ ಕಡೆ ಹೋಯಿತು! ಅಂದಿನಿಂದ ಸೀನು ಬಂದರೆ ಹಿತ್ತಲಿಗೆ ಹೋಗಿ, ಮೂಗು ಹಿಡಿದು ನಿಂತು, ತಲೆಯ ಮೇಲೆ ವಿಮಾನ ಹಾಯುವಾಗ ಆ ಸದ್ದಿನಲ್ಲಿ ಸೀನುತ್ತೇನೆ. ಮೀನುಗಳೇನೋ ಬದುಕಿಕೊಂಡವು. ಇನ್ನು ಅವು ಇರುವ ತನಕ ನಾನು ಸಾಯುವಂತಿಲ್ಲ.