ನೇರಳಡ್ಕ ಹಾಲ್ಟಿನ ನಲ್ವತ್ತಮೂರು ಟಿಕೇಟು

ನೇರಳಡ್ಕ ಹಾಲ್ಟಿನ ಗೋಡೆಗೆ ಯಾರೋ ಒಂದು ಕಾಗದ ಅಂಟಿಸಿ ಹೋಗಿದ್ದರು. ದೊಡ್ಡ ಅಕ್ಷರದಲ್ಲಿ ಇದ್ದದ್ದು ಇಷ್ಟೇ: ಬುಧವಾರ ಬೆಳಗಿನ ಪ್ಯಾಸೆಂಜರಿಗೆ ಇಲ್ಲಿಂದ ನಲ್ವತ್ತು ಜನರಾದರೂ ಹೊರಡದಿದ್ದರೆ ಮುಂದಿನ ವಾರದಿಂದ ರೈಲು ಇಲ್ಲಿ ನಿಲ್ಲುವುದಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಏನೋ ಇತ್ತು. ಸಣ್ಣ ಅಕ್ಷರ ಓದುವ ಅಭ್ಯಾಸ ಅಚ್ಚುತನಿಗೆ ಹುಟ್ಟಿನಿಂದಲೇ ಇಲ್ಲ.

ಅಚ್ಚುತನ ಹೋಟೆಲು ಹಾಲ್ಟಿನ ಎದುರಿಗೇ. ನರಿಮೊಗರು ದಾಟಿ ಕಾಣಿಯೂರಿನ ಕಡೆ ಹೋಗುವ ರೈಲು ಅಲ್ಲಿ ಒಂದು ನಿಮಿಷ ನಿಂತರೆ ಅವನು ಎಣ್ಣೆಯಲ್ಲಿ ಕರಿದ ಗೋಳಿಬಜೆಯೆಲ್ಲ ಖರ್ಚಾಗುತ್ತದೆ, ನಿಲ್ಲದಿದ್ದರೆ ಒಲೆ ಆರುತ್ತದೆ. ಬೇರೆಯವರಾದರೆ ಹೆದರಿ ಹಾಸಿಗೆ ಹಿಡಿಯುತ್ತಿದ್ದರು. ಅಚ್ಚುತ ಹೆದರುವ ಜನವೇ ಅಲ್ಲ. ಲೋಕದ ರೈಲುಗಳ ಜಾತಕವೆಲ್ಲ ಅವನ ಮೊಬೈಲಿನಲ್ಲಿತ್ತು.

ಬುಧವಾರ ಬೆಳಿಗ್ಗೆ ಹಿಟ್ಟು ಕಲಸುತ್ತಿದ್ದ ಹೆಂಡತಿಗೆ ಅವನು ಹೇಳಿದ: "ದೇವಕಿ, ಜಪಾನಿನಲ್ಲಿ ರೈಲು ಇಪ್ಪತ್ತು ಸೆಕೆಂಡು ಮೊದಲು ಹೊರಟದ್ದಕ್ಕೆ ಕಂಪೆನಿಯವರು ಕ್ಷಮೆ ಕೇಳಿದ್ರು, ಗೊತ್ತುಂಟಾ? ಚೀನಾದಲ್ಲಿ ರೈಲು ಹಳಿ ಮುಟ್ಟುದೇ ಇಲ್ಲ, ಗಾಳಿಯಲ್ಲಿ ಹೋಗುದು!"

"ಹಳಿ ಮುಟ್ಟದ ರೈಲು ಅಲ್ಲೇ ಇರ್ಲಿ ಮಾರಾಯ್ರೆ. ನಮ್ಮದು ನೇರಳಡ್ಕ ಮುಟ್ಟಿದ್ರೆ ಸಾಕು. ನಲ್ವತ್ತು ಜನ ಎಲ್ಲಿಂದ ತರುದು?"

"ನೀನು ನೋಡ್ತಾ ಇರು."

ಎಂಟು ಗಂಟೆಯೊಳಗೆ ಅವನು ಹದಿನಾಲ್ಕು ಮನೆ ಸುತ್ತಿದ. ಎಲ್ಲರಿಗೂ ಒಂದೇ ಮಾತು: ಕಾಣಿಯೂರಿನವರೆಗೆ ಹೋಗುದು, ವಾಪಸು ಬರುವಾಗ ದೊಡ್ಡ ರಸ್ತೆಯ ಕ್ರಾಸಿನವರೆಗೆ ಬಸ್ಸು, ಟಿಕೇಟು ನನ್ನದು, ಬಂದ ಮೇಲೆ ಚಾ ಗೋಳಿಬಜೆ ನನ್ನದು. ಜನ ಬಂದರು. ಬರಿಗೈಯಲ್ಲಿ ಬರಲಿಲ್ಲ ಅಷ್ಟೇ. ಸಫಿಯಮ್ಮ ತಂಗಿಯ ಮನೆಗೆಂದು ಎರಡು ಹಲಸಿನ ಹಣ್ಣು ಹೊರಿಸಿಕೊಂಡು ಬಂದರು. ಮಂಡಿನೋವಿನ ಮಹಾಲಿಂಗ ಮಾಸ್ತರರು ಕೋಲೂರಿಕೊಂಡು ಬಂದು, "ಈ ಬಾಗಿಲಲ್ಲಿ ಹತ್ತಿ ಆಚೆ ಬಾಗಿಲಲ್ಲಿ ಇಳಿದ್ರೆ ಆಗುದಿಲ್ವಾ?" ಎಂದು ಕೇಳಿದರು.

"ಆಗುದಿಲ್ಲ ಮಾಸ್ಟ್ರೆ. ನ್ಯಾಯವಾಗಿ ಹೋಗ್ಬೇಕು."

ಎಣಿಸಿದರೆ ಅವನೂ ಸೇರಿ ನಲ್ವತ್ತೆರಡು ಜನ! ಅಚ್ಚುತನ ಎದೆ ಪೂರಿಯ ಹಾಗೆ ಉಬ್ಬಿತು.

ಹಾಲ್ಟಿನ ಕಿಟಿಕಿಯಲ್ಲಿ ಕಮಿಷನ್ನಿಗೆ ಟಿಕೇಟು ಕೊಡುವವನು ರವೂಫ್. ಅವನು ಕಿಟಿಕಿಯಿಂದ ಕೈ ಹೊರಗೆ ಹಾಕಿ, "ಅಚ್ಚುತಣ್ಣ, ಎಲ್ಲರನ್ನೂ ಲೈನಿನಲ್ಲಿ ಕಳಿಸಿ, ಟಿಕೇಟು ಕೊಡ್ತೇನೆ" ಎಂದು ಕರೆದ.

"ಎಂತ ಲೈನು ಮಾರಾಯ! ನೀನು ಒಂದೊಂದೇ ಕೊಡುವಾಗ ರೈಲು ಸುಬ್ರಹ್ಮಣ್ಯ ಮುಟ್ಟೀತು. ಚೀನಾದಲ್ಲಿ ಮುಖ ತೋರಿಸಿದ್ರೆ ಗೇಟು ತೆರೀತದೆ. ನಾನು ಮೊಬೈಲಿನಲ್ಲೇ ಮಾಡ್ತೇನೆ."

"ಹಾಗಲ್ಲ ಅಣ್ಣ, ಒಮ್ಮೆ ಕೇಳಿ..."

ಕೇಳಲು ಅಚ್ಚುತ ಅಲ್ಲಿದ್ದರೆ ತಾನೇ? ನೆಟ್‌ವರ್ಕ್ ಹುಡುಕಿಕೊಂಡು ಅವನು ಆಗಲೇ ಗುಡ್ಡದ ಕಲ್ಲಿನ ಮೇಲೆ ಹತ್ತಿಯಾಗಿತ್ತು. ಆ್ಯಪಿನಲ್ಲಿ ನೇರಳಡ್ಕದ ಹೆಸರೇ ಇಲ್ಲ. ಚಿಂತೆ ಎಂತದು, ಹಿಂದೆ ಸಿಗುವ ಪುತ್ತೂರು ಸ್ಟೇಶನಿನಿಂದ ತೆಗೆದರೂ ಅದೇ ಹತ್ತು ರೂಪಾಯಿ, ಅದೇ ರೈಲು. ಒಂದು ಸಲಕ್ಕೆ ನಾಲ್ಕೇ ಜನರದ್ದು ತೆಗೆಯಬಹುದು. ಹನ್ನೊಂದು ಸಲ ಒತ್ತಿ, ಬೆವರು ಒರೆಸಿಕೊಂಡು ಕೆಳಗಿಳಿದ.

ಇಳಿದು ಬಂದರೆ ಕಿಟಿಕಿಯ ಎದುರು ಬಿಳಿ ಅಂಗಿಯ ಒಬ್ಬ ಅಪರಿಚಿತ ನಿಂತಿದ್ದಾನೆ. ಕಿಸೆಯಲ್ಲಿ ಎರಡು ಪೆನ್ನು, ಕಂಕುಳಲ್ಲಿ ಉದ್ದ ಪುಸ್ತಕ. ಪೆನ್ನಿನ ತುದಿಯಿಂದ ಜನರನ್ನು ಒಂದೊಂದೇ ಎಣಿಸಿ ಬರೆದುಕೊಳ್ಳುತ್ತಿದ್ದಾನೆ. ಅಚ್ಚುತನಿಗೆ ಎಲ್ಲ ತಿಳಿದುಹೋಯಿತು. ಓಡಿಹೋಗಿ ಅವನ ಕೈ ಹಿಡಿದೇ ಬಿಟ್ಟ.

"ಬನ್ನಿ ಸರ್, ಬನ್ನಿ! ನೀವು ಕಿಟಿಕಿಯಲ್ಲಿ ನಿಲ್ಲುದಾ? ನಿಮ್ಮದೂ ಮೊಬೈಲಿನಲ್ಲೇ ಮಾಡ್ತೇನೆ. ದೇವಕೀ, ಸರಿಗೆ ಬಿಸಿ ಗೋಳಿಬಜೆ ಕೊಡು, ಚಟ್ನಿ ಜಾಸ್ತಿ ಹಾಕು!"

ಅಚ್ಚುತ ಇನ್ನೊಮ್ಮೆ ಕಲ್ಲು ಹತ್ತಿ ಅವನ ಟಿಕೇಟೂ ತೆಗೆದು ಬಂದ. ಬಿಳಿ ಅಂಗಿಯವ ಮೂರು ಪ್ಲೇಟು ತಿಂದ. ನಡುವೆ ಕೇಳಿದ: "ಇಲ್ಲಿ ದಿನಾ ಇಷ್ಟು ಜನ ಇರ್ತಾರಾ?"

"ಇದು ಕಮ್ಮಿ ಸರ್. ಇವತ್ತು ಬುಧವಾರ ಅಲ್ವಾ? ಸೋಮವಾರ ಕಾಲಿಡ್ಲಿಕ್ಕೆ ಜಾಗ ಇರುದಿಲ್ಲ."

"ಎಲ್ಲ ಕಾಣಿಯೂರು ಕಡೆಗಾ?"

"ಕಾಣಿಯೂರು, ಕಡಬ, ಸುಬ್ರಹ್ಮಣ್ಯ. ಈ ಊರಿನವರಿಗೆ ಮನೆಯಲ್ಲಿ ಕೂತು ಅಭ್ಯಾಸವೇ ಇಲ್ಲ." ಹೀಗೆನ್ನುತ್ತಾ ಅವನು ಮಾಸ್ತರರ ಕೋಲನ್ನು ಮೆಲ್ಲನೆ ಬೆಂಚಿನ ಹಿಂದೆ ಸರಿಸಿದ.

ಅಷ್ಟರಲ್ಲಿ ಕರೆಂಟಿನ ಇಂಜಿನಿನ ರೈಲು ಸದ್ದಿಲ್ಲದೆ ಬಂದು ನಿಂತಿತು. ಎಲ್ಲ ಗಡಿಬಿಡಿ! ರವೂಫ್ ಕಿಟಿಕಿಯಲ್ಲಿ ಎರಡೂ ಕೈ ಆಡಿಸಿ ಏನೋ ಕೂಗಿದ, ಸಫಿಯಮ್ಮನ ಹಲಸಿನ ಹಣ್ಣು ಹತ್ತಿಸುವ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಕೋಲಿಲ್ಲದ ಮಾಸ್ತರರನ್ನು ಇಬ್ಬರು ಎತ್ತಿ ಒಳಗೆ ಇಟ್ಟರು. ನಲ್ವತ್ತಮೂರು ಜನರೂ ಒಂದೇ ಬೋಗಿಗೆ ತುಂಬಿಕೊಂಡು ರೈಲು ಹೊರಟಿತು. ಅಚ್ಚುತ ಬಾಗಿಲಲ್ಲಿ ನಿಂತು, ಹೋಟೆಲಿನೆದುರು ನಿಂತ ದೇವಕಿಗೆ ಮಂತ್ರಿಯ ಹಾಗೆ ಕೈಬೀಸಿದ.

ರೈಲು ಎರಡು ತಿರುವು ದಾಟುವುದರೊಳಗೆ ರವೂಫನ ಫೋನು ಬಂತು.

"ಎಂತ ಕೆಲಸ ಮಾಡಿದ್ರಿ ಅಚ್ಚುತಣ್ಣ! ಅಡಿಯ ಸಣ್ಣ ಅಕ್ಷರ ಓದ್ಲಿಲ್ವಾ? ನನ್ನ ಕಿಟಿಕಿಯಲ್ಲಿ ಕೊಟ್ಟ ಟಿಕೇಟು ಮಾತ್ರ ಲೆಕ್ಕಕ್ಕೆ. ನಿಮ್ಮದೆಲ್ಲ ಪುತ್ತೂರಿನ ಲೆಕ್ಕಕ್ಕೆ ಹೋಯ್ತು. ಇವತ್ತು ನನ್ನದು ಸೊನ್ನೆ! ಒಬ್ಬ ಬಿಳಿ ಅಂಗಿಯವರು ಬಂದಿದ್ರು, ಅವರನ್ನೂ ನೀವು ಎಳ್ಕೊಂಡು ಹೋದ್ರಿ!"

ಅಚ್ಚುತ ತಿರುಗಿ ಬಿಳಿ ಅಂಗಿಯವನನ್ನು ನೋಡಿದ. ಮರುಕ್ಷಣವೇ ಧೈರ್ಯ ಬಂತು. "ಹೆದರ್ಬೇಡ ರವೂಫ್. ಎಣಿಸ್ಲಿಕ್ಕೆ ಬಂದ ಸರೇ ನನ್ನ ಪಕ್ಕದಲ್ಲಿದ್ದಾರೆ, ಕಣ್ಣಾರೆ ಕಂಡಿದ್ದಾರೆ. ಸರ್, ಇವನಿಗೆ ಒಮ್ಮೆ ಹೇಳಿ, ನೀವು ರೈಲ್ವೆಯವರು ಅಂತ."

"ಯಾವ ರೈಲ್ವೆ?" ಬಿಳಿ ಅಂಗಿಯವ ಬಾಯಿ ಒರೆಸಿಕೊಂಡ. "ನಾನು ಯಜ್ಞೇಶ್ವರ. ನಮ್ಮದು ಬಸ್ಸು. ಈ ದಾರಿಯಲ್ಲಿ ಒಂದು ಸರ್ವಿಸ್ ಹಾಕಿದ್ರೆ ಜನ ಸಿಗ್ತಾರಾ ಅಂತ ನೋಡ್ಲಿಕ್ಕೆ ಬಂದದ್ದು. ಸಿಗ್ಲಿಕ್ಕಿಲ್ಲ ಅಂತಲೇ ಇದ್ದೆ. ನಿಮ್ಮಿಂದ ಧೈರ್ಯ ಬಂತು ನೋಡಿ! ಸೋಮವಾರದಿಂದಲೇ ಹಾಕ್ತೇವೆ, ದಿನಕ್ಕೆ ನಾಲ್ಕು ಟ್ರಿಪ್."

ಬೋಗಿಯಿಡೀ ಚಪ್ಪಾಳೆ! "ಮನೆ ಬಾಗಿಲಿಗೇ ಬಸ್ಸು ತರಿಸಿದ್ರಲ್ಲ ಅಚ್ಚುತಣ್ಣ, ನಿಮಗೆ ಒಳ್ಳೇದಾಗ್ಲಿ" ಎಂದರು ಸಫಿಯಮ್ಮ. ಬಸ್ಸು ಬರುವ ಡಾಮರು ರಸ್ತೆ ಅವರ ಮನೆ ಬಾಗಿಲಲ್ಲೇ ಹೋಗುತ್ತದೆ. ಅಚ್ಚುತನ ಹೋಟೆಲಿಗೆ ಅಲ್ಲಿಂದ ಅರ್ಧ ಮೈಲಿ.

ಸೋಮವಾರ ಹೊಸ ಬಸ್ಸಿಗೆ ಹೂವಿನ ಮಾಲೆ ಹಾಕಿ, ಕಾಯಿ ಒಡೆಯುವ ಮರ್ಯಾದೆಯನ್ನು ಊರವರು ಒಕ್ಕೊರಲಿನಿಂದ ಅಚ್ಚುತನಿಗೇ ಕೊಟ್ಟರು. ಅವನು ಕಾಯಿ ಎತ್ತುವಾಗ, ಅತ್ತ ಹಾಲ್ಟಿನಲ್ಲಿ ಬೆಳಗಿನ ಪ್ಯಾಸೆಂಜರು ಉದ್ದಕ್ಕೆ ಒಂದು ಹಾರನ್ ಹೊಡೆದು ನಿಲ್ಲದೆ ಹೋಯಿತು. ಅವನ ಕೈ ಮೇಲೆಯೇ ನಿಂತಿತು.

"ಒಡೀರಿ," ಎಂದಳು ಪಕ್ಕದಲ್ಲಿದ್ದ ದೇವಕಿ. "ಇನ್ನು ಕಾಯಿ ಚಟ್ನಿಗಂತೂ ಬೇಡವಲ್ಲ."